ಥಾತ್ ಲುವಾಂಗಿಗೆ ಮೂರು ಸುತ್ತು

ಹುಡುಗಿಯ ತಾಯಿ ಕೇಳಿದ್ದು ಒಂದೇ ಒಂದು. ಚಿನ್ನ ಕೇಳಲಿಲ್ಲ, ಜಾತಕ ಕೇಳಲಿಲ್ಲ, ಹುಡುಗನ ಸಂಬಳವನ್ನಂತೂ ಬಾಯಿತಪ್ಪಿಯೂ ಕೇಳಲಿಲ್ಲ. "ನನ್ನ ಮಗಳನ್ನು ಕರೆದುಕೊಂಡು ಹೋಗುವ ಮನೆಯ ಅಮ್ಮ ಒಮ್ಮೆ ಇಲ್ಲಿಗೆ ಬರಲಿ. ಹುಣ್ಣಿಮೆಯ ದಿನ ನನ್ನ ಜೊತೆ ಥಾತ್ ಲುವಾಂಗಿಗೆ ಮೂರು ಸುತ್ತು ಬರಲಿ. ಆಮೇಲೆ ಮದುವೆ ಯಾವಾಗ ಬೇಕಾದರೂ ಆಗಲಿ" ಎಂದು ಲಾವೋಸಿನ ರಾಜಧಾನಿ ವಿಯೆಂಟಿಯಾನಿನಿಂದ ಮಗಳ ಮೂಲಕ ಹೇಳಿಸಿದ್ದಳು.

ಈ ಮಾತು ಪೂವಕ್ಕನ ಕಿವಿಗೆ ಬಿದ್ದದ್ದು ದೋಹಾದ ಅಲ್ ಹಿಲಾಲ್‌ನ ಮನೆಯಲ್ಲಿ, ಅವಳು ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದಾಗ. ಮಗ ಅಕ್ಷಯ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ವಿಷಯ ಹೇಳಿ ಮುಗಿಸಿದ.

"ಅದೆಂತದು ಮಾರಾಯ ಥಾತ್ ಲುವಾಂಗ್? ದೇವಸ್ಥಾನವಾ?"

"ಸ್ತೂಪ ಅಮ್ಮ. ಬುದ್ಧಿಸ್ಟ್ ಸ್ತೂಪ. ಅವರ ನ್ಯಾಷನಲ್ ಸಿಂಬಲ್. ನಮಗೆ ಸಿಂಹ ಇಲ್ವಾ, ಪಾಸ್‌ಪೋರ್ಟ್ ಮೇಲೆ? ಅವರಿಗೆ ಅದು."

"ಮೂರು ಸುತ್ತು ತಾನೇ? ಬರುವ. ಅದರಲ್ಲಿ ಎಂತ ಉಂಟು" ಎಂದು ಪೂವಕ್ಕ ಮಸಾಲೆಯ ಕೈಯನ್ನೇ ಆಡಿಸಿದಳು. ಅಷ್ಟು ಸುಲಭಕ್ಕೆ ಅಮ್ಮ ಒಪ್ಪಿಯಾಳೆಂದು ಅಕ್ಷಯ್ ಎಣಿಸಿರಲಿಲ್ಲ. ಅವನು ಬಂದು ಅವಳನ್ನು ಹಿಂದಿನಿಂದ ತಬ್ಬಿಕೊಂಡ. "ಬಿಡು, ಮೀನು ನಾರ್ತದೆ" ಎಂದಳು. ಬಿಡಿಸಿಕೊಳ್ಳಲಿಲ್ಲ.

ಪೂವಕ್ಕ ಹೆಜಮಾಡಿಯವಳು. ಕಿನ್ನಿಗೋಳಿಯ ತಾರಾನಾಥನನ್ನು ಮದುವೆಯಾಗಿ ದೋಹಾಕ್ಕೆ ಬಂದಾಗ ಇಪ್ಪತ್ತಾರರ ಹುಡುಗಿ. ತಾರಾನಾಥ ಒಂದು ಕಟ್ಟಡ ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಸೇರಿದವನು ಈಗ ಅದೇ ವಿಭಾಗದ ಮುಖ್ಯಸ್ಥ. ಅಕ್ಷಯ್ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲಿಯೇ. ವೆಸ್ಟ್ ಬೇಯ ದೊಡ್ಡ ಹೋಟೆಲೊಂದರಲ್ಲಿ ಶೆಫ್. ಅದೇ ಹೋಟೆಲಿನ ಬೇಕರಿಯಲ್ಲಿ ಕೇಕು, ಬ್ರೆಡ್ಡು ಮಾಡುವ ಹುಡುಗಿ ಲತ್ಸಮಿ. ಅಕ್ಷಯ್ ಮೊದಲ ಸಲ ಅವಳ ಹೆಸರು ಹೇಳಿದಾಗ ಪೂವಕ್ಕನಿಗೆ ಎರಡು ದಿನ ಊಟ ಸೇರಿರಲಿಲ್ಲ. ಸೊಸೆ ಎಂದರೆ ಮೂಲ್ಕಿಯೋ ಪಡುಬಿದ್ರಿಯೋ, ಹೆಚ್ಚೆಂದರೆ ಮುಂಬೈಯಲ್ಲಿ ನೆಲೆಸಿದ ನಮ್ಮವರ ಹುಡುಗಿ ಎಂದು ಅವಳು ಮನಸ್ಸಿನಲ್ಲೇ ಮನೆ ಮನೆ ತಿರುಗಿ ನೋಡಿಟ್ಟಿದ್ದಳು. ಲಾವೋಸ್ ಎಂಬ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ತಾರಾನಾಥ ಫೋನಿನಲ್ಲಿ ತೋರಿಸಿದಾಗ, "ಇಷ್ಟು ಮೂಲೆಯಲ್ಲಿ ಹೋಗಿ ಹುಡುಕಿದನಾ ಇವ" ಎಂದು ನಿಟ್ಟುಸಿರು ಬಿಟ್ಟಿದ್ದಳು.

ಮನಸ್ಸು ಸ್ವಲ್ಪ ಮೆತ್ತಗಾದದ್ದು ಹುಡುಗಿ ಮೊದಲ ಬಾರಿ ಊಟಕ್ಕೆ ಬಂದ ದಿನ. ಪಾಪ, ವಿದೇಶದ ಮಗು ಎಂದು ಪೂವಕ್ಕ ಖಾರ ಕಡಿಮೆ ಹಾಕಿ ಕೋಳಿ ಮಾಡಿದ್ದಳು. ಹುಡುಗಿ ಅದನ್ನು ಮರ್ಯಾದೆಗೆ ತಿಂದು, ತಾರಾನಾಥನ ತಟ್ಟೆಯ ಅಂಚಿನಲ್ಲಿದ್ದ ಒಣಮೀನಿನ ಚಟ್ನಿಯತ್ತ ಕಣ್ಣು ಹಾಯಿಸಿದಳು. "ಅದೇನು?" ಎಂದು ಕೇಳಿ, ಒಂದು ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಬಟ್ಟಲನ್ನೇ ಖಾಲಿ ಮಾಡಿದಳು. ಮೂಗು ಸೊರಗುಟ್ಟಿಸುತ್ತ, "ನಮ್ಮ ಮನೆಯ ವಾಸನೆ" ಎಂದಳು, ಹೋಟೆಲಿನಲ್ಲಿ ಕಲಿತ ಮುರುಕು ಹಿಂದಿಯಲ್ಲಿ. ಪೂವಕ್ಕನ ಹಿಂದಿಯೂ ಅಷ್ಟಕ್ಕಷ್ಟೆ. ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಸ್ತೂಪದ ವಿಷಯ ಬಂದ ಮೇಲೆ ಲತ್ಸಮಿ ತನ್ನೂರಿನ ಒಂದು ಹಳೆಯ ನೋಟನ್ನು ತಂದು ತೋರಿಸಿದಳು. ಅದರ ಮೇಲೆ ಥಾತ್ ಲುವಾಂಗ್. ಪಾಸ್‌ಪೋರ್ಟಿನ ಹೊದಿಕೆಯ ಮೇಲೂ ಅದೇ. ಶಾಲೆಯ ಗೋಡೆಯ ಮೇಲೆ, ಸರಕಾರಿ ಕಾಗದದ ಮೇಲೆ, ಎಲ್ಲ ಕಡೆ ಅದೇ ಎಂದಳು. ಅಗಲವಾದ ಜಗತಿ, ಸುತ್ತಲೂ ಚಿಕ್ಕ ಚಿಕ್ಕ ಶಿಖರಗಳು, ನಡುವೆ ಮೇಲಕ್ಕೆದ್ದ ದೊಡ್ಡದೊಂದು ಮೊಗ್ಗು.

ಪೂವಕ್ಕ ಕನ್ನಡಕ ಏರಿಸಿ ನೋಡಿದಳು. "ಇದು ಬಾಳೆಯ ಪೂಂಬೆಯ ಹಾಗೆಯೇ ಉಂಟಲ್ಲ!" ಎಂದಳು. ಫ್ರಿಜ್ಜಿನಲ್ಲಿ ಪಲ್ಯಕ್ಕೆಂದು ತಂದಿಟ್ಟ ಬಾಳೆಹೂವನ್ನು ಅಕ್ಷಯ್ ಎತ್ತಿ ತೋರಿಸಿದಾಗ ಲತ್ಸಮಿ ಚಪ್ಪಾಳೆ ತಟ್ಟಿಬಿಟ್ಟಳು. ಅವರ ಊರಿನಲ್ಲೂ ಕೆಲವರು ಹಾಗೆಯೇ ಹೇಳುತ್ತಾರಂತೆ, ಕೆಲವರು ತಾವರೆಯ ಮೊಗ್ಗು ಎನ್ನುತ್ತಾರಂತೆ. ಒಳಗೆ ಬುದ್ಧನ ಎದೆಯ ಎಲುಬಿನ ಚೂರು ಇದೆ, ಅಶೋಕ ಚಕ್ರವರ್ತಿಯ ಕಾಲದಲ್ಲಿ ನಿಮ್ಮ ದೇಶದಿಂದಲೇ ತಂದರು ಎಂದು ಅಜ್ಜಿ ಹೇಳುತ್ತಿದ್ದಳು ಎಂದಳು.

"ಹಾಗಾದರೆ ಈ ನೆಂಟಸ್ತಿಕೆ ಶುರು ಮಾಡಿದ್ದು ನಮ್ಮ ಅಕ್ಷಯ್ ಅಲ್ಲ" ಎಂದು ತಾರಾನಾಥ ನಕ್ಕ.

ನವೆಂಬರಿನ ಹುಣ್ಣಿಮೆಗೆ ಹಬ್ಬ. ನಮ್ಮ ಕಾರ್ತಿಕದ ಹುಣ್ಣಿಮೆಯೇ ಅವರ ಥಾತ್ ಲುವಾಂಗ್ ಹಬ್ಬವೂ ಹೌದು. ಕೆಲಸಕ್ಕೆ ಹೋಗುವ ಮೂವರೂ ರಜೆ ಹಾಕಿದರು, ನಾಲ್ವರಿಗೂ ಟಿಕೆಟು ಆಯಿತು. ಮೂರು ವರ್ಷದಿಂದ ತಾಯಿಯ ಮುಖ ನೋಡದ ಲತ್ಸಮಿ ದಿನಕ್ಕೆರಡು ಬಾರಿ ಬ್ಯಾಗು ತುಂಬಿ ಖಾಲಿ ಮಾಡುತ್ತಿದ್ದಾಳೆ ಎಂದು ಅಕ್ಷಯ್ ಬಂದು ಹೇಳಿ ನಗುತ್ತಿದ್ದ. ಪೂವಕ್ಕ ಬೀಗಿತ್ತಿಗೆಂದು ಉಡುಪಿ ಸೀರೆಯೊಂದನ್ನು ಊರಿನಿಂದ ತರಿಸಿದಳು.

ಹೊರಡುವುದಕ್ಕೆ ಒಂದು ವಾರವಿದೆ ಎನ್ನುವಾಗ ಕಟ್ಟಡದ ಮೆಟ್ಟಿಲು ತೊಳೆದಿದ್ದರು. ಸೋಪಿನ ನೀರು ಇನ್ನೂ ಆರಿರಲಿಲ್ಲ. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದ ಪೂವಕ್ಕ ಕೊತ್ತಂಬರಿ ಸೊಪ್ಪು ತರಲು ಇಳಿದವಳು ಕೊನೆಯ ಮೂರು ಮೆಟ್ಟಿಲುಗಳನ್ನು ಒಟ್ಟಿಗೇ ಇಳಿದಳು. ಬಲಗಾಲಿನ ಹರಡಿನ ಎಲುಬು ಸೀಳಿತ್ತು. ಮಂಡಿಯ ಕೆಳಗಿನಿಂದ ಬೆರಳಿನ ತನಕ ಪ್ಲಾಸ್ಟರ್ ಹಾಕಿದ ಮಲಯಾಳಿ ಡಾಕ್ಟರು, "ವಿಮಾನದ ಮಾತು ಈಗ ಬೇಡ ಚೇಚಿ" ಎಂದರು. ಪೂವಕ್ಕ ನೋವಿಗೆ ಅತ್ತಿರಲಿಲ್ಲ. ಆ ಮಾತಿಗೆ ಅತ್ತಳು.

ಹೋಗುವುದನ್ನೇ ಮುಂದೂಡುವ ಎಂದು ತಾರಾನಾಥ ಹೇಳಿದ. ಪೂವಕ್ಕ ಕೇಳಲಿಲ್ಲ.

"ಆ ಹೆಂಗಸು ಅಲ್ಲಿ ಊರಿಗೆಲ್ಲ ಹೇಳಿಕೊಂಡಿರ್ತಾಳೆ, ಬೀಗರು ಬರ್ತಾರೆ ಅಂತ. ಯಾರೂ ಹೋಗದಿದ್ದರೆ ಅವಳ ಮುಖ ಎಲ್ಲಿ ಉಳೀತದೆ? ನೀವು ಹೋಗಿ. ನನ್ನ ಬದಲು ನೀವು ಮೂರು ಸುತ್ತು ಬನ್ನಿ. ಇಲ್ಲಿ ಆಸ್ಯಮ್ಮ ಇದ್ದಾಳೆ, ನನಗೇನೂ ಆಗುವುದಿಲ್ಲ."

ಆಸ್ಯಮ್ಮ ಎದುರು ಫ್ಲಾಟಿನವಳು, ಉಳ್ಳಾಲದ ಬ್ಯಾರಿಗಳ ಮನೆಯ ಹೆಂಗಸು. ಇಪ್ಪತ್ತು ವರ್ಷದಿಂದ ಎರಡು ಬಾಗಿಲುಗಳ ನಡುವೆ ಬಟ್ಟಲುಗಳು ಓಡಾಡುತ್ತಲೇ ಇದ್ದವು. ತೀರಿಕೊಂಡ ಅತ್ತೆಯ ಗಾಲಿಕುರ್ಚಿಯನ್ನು ಅವಳು ಸ್ಟೋರಿನಿಂದ ತೆಗೆಸಿ, ಒರೆಸಿ, ತಾನೇ ತಳ್ಳಿಕೊಂಡು ಬಂದಿದ್ದಳು. "ಇದರಲ್ಲಿ ಕುಳಿತುಕೊಂಡು ನಮ್ಮ ಅತ್ತೆ ಇಡೀ ಬಿಲ್ಡಿಂಗನ್ನು ಆಳಿದ್ದು, ಗೊತ್ತುಂಟಲ್ಲ? ನೀವೂ ಆಳಿ ಪೂವಕ್ಕ" ಎಂದಿದ್ದಳು.

ಹೊರಡುವ ದಿನ ಸಂಜೆ ಸೂಟ್‌ಕೇಸುಗಳು ಕೆಳಗೆ ಹೋದವು. ಹೋಟೆಲಿನ ಸ್ಟಾಫ್ ರೂಮಿನಿಂದ ಲತ್ಸಮಿ ಟ್ಯಾಕ್ಸಿಯಲ್ಲಿ ಬಂದಿಳಿದಳು. ಬ್ಯಾಗನ್ನು ಕಾರಿನಲ್ಲಿಡಲು ಅಕ್ಷಯ್ ಕೈ ಚಾಚಿದ. ಅವಳು ಕೊಡಲಿಲ್ಲ. ಅದನ್ನು ಹೆಗಲಿಗೇರಿಸಿಕೊಂಡು ಮೇಲೆ ಬಂದವಳೇ ಪೂವಕ್ಕನ ಮಂಚದ ಬಳಿ ಇಳಿಸಿದಳು.

"ನಾನು ಹೋಗುವುದಿಲ್ಲ. ನಿಮ್ಮ ಹತ್ತಿರ ಇರ್ತೇನೆ."

"ಹುಚ್ಚು ಹಿಡಿದಿದೆಯಾ ನಿನಗೆ? ನಿನ್ನ ಅಮ್ಮ ಕಾಯ್ತಾ ಇದ್ದಾಳೆ ಅಲ್ಲಿ!"

"ಅಮ್ಮನಿಗೆ ಹೇಳಿದೆ. ಸರಿ ಅಂದಳು."

ಹಿಂದೆಯೇ ಓಡಿಬಂದ ಅಕ್ಷಯ್, ಏದುಸಿರು ಬಿಡುತ್ತಿದ್ದ ತಾರಾನಾಥ, ಗಲಾಟೆ ಕೇಳಿ ಬಂದ ಆಸ್ಯಮ್ಮ, ಎಲ್ಲರೂ ಹೋಗು ಎಂದು ಹೇಳಿದರು. ಹುಡುಗಿ ತಲೆ ತಗ್ಗಿಸಿ ನಗುತ್ತಲೇ ನಿಂತಳು, ಒಂದಿಂಚು ಕದಲಲಿಲ್ಲ. "ಆಸ್ಯಮ್ಮ ಆಂಟಿಗೆ ಅವರ ಮನೆ ಇದೆ. ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗ್ತಾರೆ?" ಎಂದಳು.  ವಿಮಾನದ ಹೊತ್ತಾಗುತ್ತಿತ್ತು. "ಯಲ್ಲಾ ಯಲ್ಲಾ" ಎಂದು ಕೆಳಗಿನಿಂದ ಡ್ರೈವರ್ ಹಾರ್ನ್ ಹೊಡೆದ. ಗಂಡಸರಿಬ್ಬರೂ ಹೋದರು.

ಆ ನಾಲ್ಕೈದು ದಿನ ಪೂವಕ್ಕ ತನ್ನ ಮನೆಯನ್ನು ಗಾಲಿಕುರ್ಚಿಯ ಎತ್ತರದಿಂದ ನೋಡಿದಳು. ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬಳ ಕೈಯಾಡುವುದು ಅವಳಿಗೆ ಪ್ಲಾಸ್ಟರಿಗಿಂತ ಹೆಚ್ಚಿನ ಕಿರಿಕಿರಿ. ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡು, "ಸಾಸಿವೆ ಅಲ್ಲಿ ಅಲ್ಲ, ಎಡಕ್ಕೆ. ಆ ಬಾಣಲೆ ಬೇಡ, ಅದು ಮೀನಿನದ್ದು" ಎಂದು ಹೇಳುತ್ತಲೇ ಇದ್ದಳು. ಹುಡುಗಿ ಎಲ್ಲದಕ್ಕೂ "ಓಕೆ ಆಂಟಿ" ಎಂದು, ಕೊನೆಗೆ ತನಗೆ ಬೇಕಾದ ಬಾಣಲೆಯಲ್ಲೇ ಮಾಡುತ್ತಿದ್ದಳು. ಬಿದಿರಿನ ಬುಟ್ಟಿಯಲ್ಲಿ ಅಂಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಉಂಡೆ ಹಿಡಿದು ಚಟ್ನಿಗೆ ಅದ್ದಿ ತಿನ್ನುವುದನ್ನು ಕಲಿಸಿದಳು. ಎರಡನೆಯ ದಿನ ಪೂವಕ್ಕ ಕೇಳದೆಯೇ ಎರಡು ಉಂಡೆ ಹೆಚ್ಚು ತಿಂದಳು.

ಸ್ನಾನ ಮಾಡಿಸಿಕೊಳ್ಳುವುದು ಮೊದಲ ದಿನ ದೊಡ್ಡ ಸಂಕೋಚವಾಗಿತ್ತು. ಲತ್ಸಮಿ ಪ್ಲಾಸ್ಟರಿಗೆ ಕಸದ ಚೀಲ ಸುತ್ತಿ ಟೇಪು ಹಚ್ಚಿ, ಬೆನ್ನಿಗೆ ನೀರು ಹೊಯ್ದು, ಪ್ಲಾಸ್ಟರಿನ ಹೊರಗೆ ಇಣುಕುವ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದಳು. ಕೇಕಿನ ಮೇಲೆ ಹೂವು ಕೂರಿಸುವ ಕೈ ಅವಳದು. ಪೂವಕ್ಕ ಮಾತು ಮರೆಸಲೆಂದು ಕೇಳಿದಳು: "ಲತ್ಸಮಿ ಅಂದರೆ ಎಂತ ಅರ್ಥ?"

"ಬೆಳಕು. ಸೂರ್ಯನಿಂದ ಬರುತ್ತದಲ್ಲ, ಗೆರೆ ಗೆರೆಯಾಗಿ."

"ರಶ್ಮಿ!" ಪೂವಕ್ಕ ಕೂತಲ್ಲೇ ತಿರುಗಿದ ರಭಸಕ್ಕೆ ಚೊಂಬು ಉರುಳಿತು. "ಅಯ್ಯೋ ಮಗಾ, ಇಷ್ಟು ದಿನ ನಾನು ಲಕ್ಷ್ಮಿಯನ್ನೇ ಯಾರೋ ತಪ್ಪಾಗಿ ಬರೆದಿದ್ದಾರೆ ಅಂತ ಗ್ರಹಿಸಿದ್ದೆ!"

ಒಂದು ಮಧ್ಯಾಹ್ನ ನಿದ್ದೆಯ ಮಂಪರಿನಲ್ಲಿದ್ದ ಪೂವಕ್ಕನನ್ನು ಔಷಧಿಗೆ ಎಬ್ಬಿಸುವಾಗ ಹುಡುಗಿಯ ಬಾಯಿಂದ "ಮೇ" ಎಂದು ಬಂತು. ಹಾಗೆಂದರೆ ಅವರಲ್ಲಿ ಅಮ್ಮ ಎಂದು ಪೂವಕ್ಕನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಎದೆ ಜುಮ್ಮೆಂದರೂ ಅವಳು ಗುಳಿಗೆ ನುಂಗಿ, ನೀರು ಕುಡಿದು, ಲೋಟ ಕೊಡುತ್ತ ಹೇಳಿದಳು: "ಆ ಹೆಸರು ನಿನ್ನ ಅಮ್ಮನದ್ದು, ಅವಳಿಗೇ ಇರಲಿ. ನನ್ನನ್ನು ಮಾಮಿ ಅನ್ನು. ಅತ್ತೆಗೆ ನಮ್ಮ ತುಳುವಿನಲ್ಲಿ ಮಾಮಿ ಅನ್ನುವುದು. ಅದೇನು ಕಡಿಮೆಯದ್ದಲ್ಲ."

"ಮಾಮಿ" ಎಂದು ಹುಡುಗಿ ನಾಲಗೆಯ ಮೇಲೆ ಆಡಿಸಿ ನೋಡಿದಳು.

ಸಂಜೆಯಾಗುತ್ತಿದ್ದಂತೆ ಲತ್ಸಮಿ ಬಾಲ್ಕನಿಗೆ ಹೋಗಿ ತಾಯಿಗೆ ಫೋನು ಮಾಡುತ್ತಿದ್ದಳು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಲಾವೋ ಭಾಷೆಯ ಒಂದು ಮಾತೂ ಪೂವಕ್ಕನಿಗೆ ತಿಳಿಯದು. ಆದರೆ ಆ ದನಿಯನ್ನು ಅವಳು ಬಲ್ಲಳು. ಹೊಸದಾಗಿ ಬಂದ ವರ್ಷ, ಕೆಳಗಿನ ಬೂತಿನಲ್ಲಿ ಕಾರ್ಡು ಹಾಕಿ, ಹೆಜಮಾಡಿಯ ಪಕ್ಕದ ಮನೆಗೆ ಫೋನು ಮಾಡಿ, ಅಮ್ಮನನ್ನು ಕರೆಸಿ, "ಇಲ್ಲಿ ಎಲ್ಲ ಸೌಖ್ಯ, ನನಗೇನೂ ಬೇಜಾರಿಲ್ಲ" ಎಂದು ಅವಳು ಹೇಳುತ್ತಿದ್ದ ದನಿ ಇದೇ. ಫೋನು ಮುಗಿದ ಮೇಲೂ ಹುಡುಗಿ ಸ್ವಲ್ಪ ಹೊತ್ತು ಹೊರಗೇ ನಿಂತಿರುತ್ತಿದ್ದಳು. ಒಳಗೆ ಬರುವಾಗ ಮುಖ ತೊಳೆದುಕೊಂಡೇ ಬರುತ್ತಿದ್ದಳು.

ಹುಣ್ಣಿಮೆ ಶುಕ್ರವಾರ ಬಂದಿತ್ತು. ಬೆಳಗ್ಗೆ ಲತ್ಸಮಿ ತನ್ನ ಬ್ಯಾಗಿನಿಂದ ಏನೋ ತೆಗೆಯುವಾಗ ಅಡಿಯಲ್ಲಿ ಮಡಚಿಟ್ಟ ರೇಷ್ಮೆಯ ಬಟ್ಟೆ ಪೂವಕ್ಕನ ಕಣ್ಣಿಗೆ ಬಿತ್ತು. ಕಡು ಕೆಂಪು, ಅಂಚಿನಲ್ಲಿ ಬಂಗಾರದ ನೇಯ್ಗೆ. ಅವರ ಕಡೆಯ ಉಡುಗೆ, ಸಿನ್ ಎನ್ನುತ್ತಾರೆ. ಲಂಗದ ಹಾಗೆ ಸುತ್ತಿ ಉಡುವುದು. ಹಬ್ಬಕ್ಕೆಂದು ತಾಯಿಯೇ ನೇಯ್ದು ಕಳಿಸಿದ್ದಂತೆ.

"ಮತ್ತೆ ಒಳಗೆ ಯಾಕೆ ಇಟ್ಟಿದ್ದಿ? ಉಟ್ಟುಕೋ."

"ಇಲ್ಲಿ ಯಾರು ನೋಡ್ತಾರೆ ಮಾಮಿ?"

"ನಾನು ನೋಡ್ತೇನೆ. ನಿನ್ನ ಅಮ್ಮ ಫೋನಿನಲ್ಲಿ ನೋಡ್ತಾಳೆ."

ಜುಮಾ ನಮಾಜು ಮುಗಿದು ಬೀದಿಯ ಕಾರುಗಳೆಲ್ಲ ಮನೆ ಸೇರಿದ ಹೊತ್ತಿಗೆ ವಿಯೆಂಟಿಯಾನಿನಲ್ಲಿ ಮುಸ್ಸಂಜೆ. ದೋಹಾದಲ್ಲಿ ಯಾವ ಆ್ಯಪಿನಲ್ಲಿ ವಿಡಿಯೋ ಕಾಲ್ ಹೋಗುತ್ತದೆಂದು ನೋಡಿ ಅಕ್ಷಯ್ ಮೊದಲೇ ಹಾಕಿಕೊಟ್ಟಿದ್ದ. ಪೂವಕ್ಕ ಕುಳಿತಲ್ಲಿಂದಲೇ ಅಪ್ಪಣೆ ಕೊಟ್ಟು ಹಾಲಿನ ಸೋಫಾ ಗೋಡೆಗೆ ಸರಿಸಿಸಿದಳು. ನಡುವೆ ಊಟದ ಮೇಜು, ಮೇಜಿನ ಮೇಲೆ ಹಚ್ಚಿದ ದೀಪ, ಒಂದಿಷ್ಟು ಚೆಂಡುಹೂ. ಅವರು ಅಲ್ಲಿ ಸುತ್ತುವಾಗ ತಾನು ಇಲ್ಲಿ ಸುತ್ತುವುದು ಎಂದು ಅವಳು ತೀರ್ಮಾನಿಸಿಯಾಗಿತ್ತು. ಕೊಟ್ಟ ಮಾತು ಎಂದರೆ ಮಾತು. ಕಾಲು ಮುರಿದರೇನು, ಗಾಲಿ ಇದೆಯಲ್ಲ.

ಫೋನು ಬಂತು. ಮೊದಲು ಕಂಡದ್ದು ತಾರಾನಾಥನ ಗದ್ದ.

"ಕಾಣ್ತದಾ? ಕಾಣ್ತದಾ?"

"ನಿಮ್ಮ ಮೂಗಿನ ಹೊಳ್ಳೆ ಕಾಣ್ತದೆ. ಫೋನು ತಿರುಗಿಸಿ ಮಾರಾಯ್ರೆ!"

ಚಿತ್ರ ಒಮ್ಮೆ ಆಕಾಶಕ್ಕೆ ಹೋಗಿ, ಜನರ ತಲೆಗಳ ಮೇಲೆ ಹಾದು ನಿಂತಿತು. ಪೂವಕ್ಕ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು. ನೋಟಿನ ಮೇಲಿನ ಬೆರಳುದ್ದದ ಚಿತ್ರವೆಲ್ಲಿ, ಇದೆಲ್ಲಿ! ಮುಳುಗಿದ ಸೂರ್ಯನ ಕೊನೆಯ ಬೆಳಕನ್ನೆಲ್ಲ ತನ್ನ ಮೈಗೇ ಬಳಿದುಕೊಂಡಂತೆ ಹೊಂಬಣ್ಣದ ಆ ಸ್ತೂಪ ನಿಂತಿತ್ತು. ಅದರ ಕೆಳಗೆ ಸಾವಿರಾರು ಮೊಂಬತ್ತಿಗಳು ನಿಧಾನ ಹರಿಯುತ್ತಿದ್ದವು. ಎಲ್ಲೋ ಧ್ವನಿವರ್ಧಕದಲ್ಲಿ ಭಿಕ್ಷುಗಳ ಮಂತ್ರ, ನಡುವೆ ಮಕ್ಕಳ ಕೂಗು.

"ಎಂಥ ಜನ ಮಾರಾಯ್ತಿ! ಒಬ್ಬರೂ ನೂಕುವುದಿಲ್ಲ ನೋಡು" ಎಂದು ತಾರಾನಾಥನ ದನಿ ಬಂತು. ಅಷ್ಟರಲ್ಲಿ ಅಕ್ಷಯ್ ಫೋನು ತೆಗೆದುಕೊಂಡು ಪಕ್ಕದಲ್ಲಿದ್ದವಳ ಮುಖಕ್ಕೆ ಹಿಡಿದ. ಸಣಕಲು ಮೈಯ ಹೆಂಗಸು. ಬಿಳಿ ರವಿಕೆ, ಎಡ ಹೆಗಲ ಮೇಲಿಂದ ಹಾಯ್ದ ರೇಷ್ಮೆಯ ವಸ್ತ್ರ, ಕೈಯಲ್ಲಿ ಬಾಳೆಲೆಯ ಕೊಟ್ಟೆಯೊಳಗೆ ಕೂರಿಸಿದ ಹೂವು, ಮೊಂಬತ್ತಿ. ಹುಡುಗಿಯ ತಾಯಿ ಬುವಾಖಾಮ್. ಅವಳು ಹೂವಿನ ಸಮೇತ ಕೈ ಜೋಡಿಸಿ ಹಣೆಗೇರಿಸಿದಳು. ಪೂವಕ್ಕನೂ ಕೈ ಮುಗಿದಳು. ಮುಗಿಯುವುದು ಎರಡೂ ಕಡೆ ಒಂದೇ ರೀತಿ ಇತ್ತು.

ಸುತ್ತು ಶುರುವಾಯಿತು. ಅಲ್ಲಿ ಬುವಾಖಾಮ್ ಜನರ ಜೊತೆ ಹೆಜ್ಜೆ ಹಾಕಿದಳು, ಪಕ್ಕದಲ್ಲಿ ಫೋನು ಹಿಡಿದ ಅಕ್ಷಯ್, ಹಿಂದೆ ತಾರಾನಾಥ. ಇಲ್ಲಿ ಪೂವಕ್ಕ ಒಂದು ಕೈಯಲ್ಲಿ ಫೋನು, ಮಡಿಲಲ್ಲಿ ಹೂವು. ಗಾಲಿಕುರ್ಚಿಯನ್ನು ಹಿಂದಿನಿಂದ ಲತ್ಸಮಿ ತಳ್ಳುತ್ತಿದ್ದಳು. ಮೇಜನ್ನು ಬಲಕ್ಕಿಟ್ಟುಕೊಂಡು ಗಾಲಿ ಕಿರುಗುಟ್ಟಿತು. ಪೂವಕ್ಕನ ಮನಸ್ಸು ತುಂಬಿ ಬಂದಿತ್ತು. ಆದರೆ ಮೊದಲ ಸುತ್ತು ಮುಗಿಯುವ ಮುಂಚೆಯೇ ಏನೋ ಸರಿಯಿಲ್ಲ ಎನಿಸಿತು.

ಬುವಾಖಾಮ್ ನಗುತ್ತಿದ್ದಳು, ತಲೆಯಾಡಿಸುತ್ತಿದ್ದಳು, ಬೀಗಿತ್ತಿಗೆ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಅವಳ ಕಣ್ಣು ಪೂವಕ್ಕನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಪೂವಕ್ಕನ ಹೆಗಲ ಮೇಲಿಂದ, ತಲೆಯ ಪಕ್ಕದಿಂದ ಇಣುಕಿ ಏನನ್ನೋ ಹುಡುಕುತ್ತಿತ್ತು. ಕುರ್ಚಿಯ ಹಿಡಿಯ ಮೇಲೆ ಎರಡು ಕೈ ಕಂಡರೆ ಕಣ್ಣು ಅಲ್ಲಿಗೆ ಓಡುತ್ತಿತ್ತು. ಕೆಂಪು ರೇಷ್ಮೆಯ ಅಂಚು ಒಂದು ಕ್ಷಣ ಕಂಡರೆ ಅಲ್ಲಿಗೆ. ಮಗಳ ಮುಖ ಮಾತ್ರ ಫೋನಿಗೆ ಸಿಗುತ್ತಲೇ ಇರಲಿಲ್ಲ.

ಮೂರು ವರ್ಷದಿಂದ ನೋಡದ ಮಗಳು. ತಾನು ನೇಯ್ದ ಸಿನ್ ಉಟ್ಟು ಇನ್ನೊಬ್ಬಳ ಕುರ್ಚಿ ತಳ್ಳುತ್ತಿದ್ದಾಳೆ. 'ಸರಿ' ಎಂದಿದ್ದಳಂತೆ ಈ ತಾಯಿ. ಆ ಒಂದು ಮಾತನ್ನು ಅವಳು ಹೇಗೆ ಹೇಳಿದ್ದಾಳು ಎಂಬುದು ಪೂವಕ್ಕನಿಗೆ ಈಗ ಹೊಳೆಯಿತು. 

"ನಿಲ್ಲಿಸು" ಎಂದಳು.

"ಏನಾಯ್ತು ಮಾಮಿ? ಕಾಲು ನೋವಾ?"

"ಕಾಲಿಗೆ ಎಂತದೂ ಆಗಲಿಲ್ಲ. ಇಗಾ, ಇದನ್ನು ಹಿಡಿ." ಪೂವಕ್ಕ ಫೋನನ್ನು ಹುಡುಗಿಯ ಕೈಯಲ್ಲಿ ತುರುಕಿದಳು, ಹೂವನ್ನೂ ಕೊಟ್ಟಳು. "ನೀನು ನಿನ್ನ ಅಮ್ಮನ ಜೊತೆ ಸುತ್ತು ಬಾ. ಮೊದಲಿನಿಂದ. ಮೂರೂ ಸುತ್ತು."

"ಆದರೆ ಅಮ್ಮ ಕೇಳಿದ್ದು ನಿಮ್ಮನ್ನು..."

"ಅವಳು ಏನು ಕೇಳಿದ್ದಾಳೆ ಅಂತ ನನಗೆ ಗೊತ್ತುಂಟು. ನಡಿ."

ಅವಳು ತಾನೇ ಗಾಲಿಯನ್ನು ಕೈಯಲ್ಲಿ ಉರುಳಿಸಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲ ಮೂಲೆಗೆ ಕುರ್ಚಿ ತಾಗಿ ಸುಣ್ಣದ ಚಕ್ಕೆ ಎದ್ದಿತು. ತಿರುಗಿ ನೋಡಲಿಲ್ಲ. ಒಳಗೆ ದೀಪ ಹಾಕದೆಯೇ, ಫ್ರಿಜ್ಜಿನ ಪಕ್ಕ ಕೂತಳು. ಹಾಲಿನಿಂದ ಮೊದಲು ತಾಯಿಯ ದನಿ, ಆಮೇಲೆ ಮಗಳ ದನಿ. ಸ್ವಲ್ಪ ಹೊತ್ತಿಗೆ ಎರಡೂ ಇಲ್ಲ, ಬರೀ ಮಂತ್ರದ ಗುನುಗು ಮತ್ತು ಬರಿಗಾಲಿನ ಸಪ್ಪಳ. ಬಾಲ್ಕನಿಯಲ್ಲಿ ಕೇಳಿಸುತ್ತಿದ್ದ ಆ ಸುಳ್ಳು ದನಿ ಈಗ ಇರಲಿಲ್ಲ. ಹುಡುಗಿ ಗಟ್ಟಿಯಾಗಿ, ಮೂಗು ಒರೆಸಿಕೊಳ್ಳುತ್ತ, ನಾಚಿಕೆಯಿಲ್ಲದೆ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಪೂವಕ್ಕ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮೂರು ಸುತ್ತು ಮುಗಿದ ಮೇಲೆ ಲತ್ಸಮಿ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಇಬ್ಬರ ಮುಖವೂ ಈಗ ಒಂದೇ ಚೌಕಟ್ಟಿನಲ್ಲಿತ್ತು. ಅತ್ತ ಬುವಾಖಾಮಳ ಕಣ್ಣೂ ಕೆಂಪಾಗಿತ್ತು. ಅವಳು ಈ ಸಲ ನೇರವಾಗಿ ಪೂವಕ್ಕನನ್ನೇ ನೋಡಿ ಏನೋ ಹೇಳಿದಳು.

"ಏನಂತೆ?"

ಲತ್ಸಮಿ ಹಿಂದಿಯಲ್ಲಿ ಹೇಳಿದಳು. "ನನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ತೀರಾ ಅಂತ ಕೇಳಬೇಕು ಅಂತಿದ್ದೆ, ಈಗ ಕೇಳುವುದಿಲ್ಲ ಅಂತಾಳೆ."

"ಕೇಳಲಿ, ಕೇಳಲಿ. ಸದ್ಯ ಅವಳೇ ನನ್ನನ್ನು ನೋಡಿಕೊಳ್ತಾ ಇದ್ದಾಳೆ ಅಂತ ಹೇಳು. ನಾನು ಹೇಗೆ ನೋಡಿಕೊಳ್ತೇನೆ ಅಂತ ಕಾಲು ಸರಿಯಾದ ಮೇಲೆ ಗೊತ್ತಾಗ್ತದೆ." ಪೂವಕ್ಕ ಸ್ವಲ್ಪ ಮುಂದೆ ಬಾಗಿದಳು. "ಇನ್ನೊಂದು ಹೇಳು. ಪ್ರತಿ ವರ್ಷ ಈ ಹುಣ್ಣಿಮೆಗೆ ಅವಳ ಮಗಳು ಅವಳ ಹತ್ತಿರ ಇರ್ತಾಳೆ. ಹೋಟೆಲಿನಲ್ಲಿ ರಜೆ ಮಾಫಿ, ಇಲ್ಲವೇ ಇಲ್ಲ ಅಂದರೂ ಇರ್ತಾಳೆ. ಇದು ನನ್ನ ಮಾತು."

ಲತ್ಸಮಿಗೆ ಇದನ್ನು ಹೇಳಲಾಗಲಿಲ್ಲ. ಮುಖವನ್ನು ಪೂವಕ್ಕನ ಮಂಡಿಗೆ ಒತ್ತಿಬಿಟ್ಟಳು. ಕೊನೆಗೆ ಅತ್ತ ಕಡೆಯಿಂದ ಅಕ್ಷಯನೇ ತಾನು ಕಲಿತಷ್ಟು ಲಾವೋದಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಏನು ಹೇಳಿದನೋ, ಸುತ್ತ ನಿಂತಿದ್ದ ನಾಲ್ಕಾರು ಜನ ಅಪರಿಚಿತರು ಗೊಳ್ಳೆಂದು ನಕ್ಕರು. ಬುವಾಖಾಮ್ ನಗಲಿಲ್ಲ. ಅವಳು ಅಳಿಯನಾಗುವವನ ಕೆನ್ನೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಳು.

"ಅಕ್ಷಯ್, ಇಲ್ಲಿ ಕೇಳು" ಎಂದಳು ಪೂವಕ್ಕ. "ಇವಳಿಗೆ ನಾಳೆಯದ್ದೇ ಟಿಕೆಟು ನೋಡು. ರಜೆ ಇನ್ನೂ ಒಂದು ವಾರ ಉಂಟಲ್ಲ ಇವಳಿಗೆ? ನೀನು ಅಲ್ಲೇ ಇರು, ಅಪ್ಪನನ್ನು ಈ ಕಡೆ ಕಳಿಸು. ಖಲಾಸ್. ಎದುರು ಮಾತಾಡಬೇಡ."

"ಮತ್ತೆ ನಿಮ್ಮನ್ನು ಬಾತ್‌ರೂಮಿಗೆ..." ಎಂದು ಲತ್ಸಮಿ ತಲೆಯೆತ್ತಿದಳು.

"ಒಂದು ದಿನಕ್ಕೆ ಆಸ್ಯಮ್ಮ ಸಾಯುವುದಿಲ್ಲ!"

ಬಾಗಿಲು ತೆರೆದೇ ಇತ್ತು. "ಯಾರು ಸಾಯುವುದು?" ಎಂದು ಗಾಬರಿಯಲ್ಲಿ ಆಸ್ಯಮ್ಮ ಬಂದೇಬಿಟ್ಟಳು, ಕೈಯಲ್ಲಿ ಬಿರಿಯಾನಿಯ ಡಬ್ಬಿ.

ಶನಿವಾರ ರಾತ್ರಿ ಲತ್ಸಮಿ ಹೋದಳು. ಹೊರಡುವಾಗ ಪೂವಕ್ಕ ಉಡುಪಿ ಸೀರೆಯ ಪೊಟ್ಟಣವನ್ನು ಕೊಟ್ಟು, ಉಡಿಸುವುದು ಹೇಗೆಂದು ಗಾಲಿಕುರ್ಚಿಯಲ್ಲಿ ಕುಳಿತುಕೊಂಡೇ ನೆರಿಗೆ ಹಿಡಿದು ತೋರಿಸಿದಳು. ಭಾನುವಾರ ಬುವಾಖಾಮ್ ಆ ಸೀರೆಯುಟ್ಟು, ಅಂಗಳದಲ್ಲಿ ಮಗಳ ಹೆಗಲಿಗೆ ಕೈಹಾಕಿ ನಿಂತ ಫೋಟೋ ಬಂತು. ಸೀರೆ ಹಿಂದುಮುಂದಾಗಿತ್ತು. ಪೂವಕ್ಕ ಅದನ್ನು ಹೆಜಮಾಡಿಯ ಎಲ್ಲರಿಗೂ ಕಳಿಸಿದಳು.

ಮದುವೆ ಫೆಬ್ರವರಿಯಲ್ಲಿ ಆಯಿತು. ಅದಾಗಿ ಬಂದ ನವೆಂಬರಿನಲ್ಲಿ ಪೂವಕ್ಕ ತನ್ನ ಕಾಲ ಮೇಲೆಯೇ ವಿಯೆಂಟಿಯಾನಿನಲ್ಲಿ ಇಳಿದಳು. ಹುಣ್ಣಿಮೆಯ ಸಂಜೆ ಥಾತ್ ಲುವಾಂಗಿನ ಎದುರು ನಿಂತು, "ಇಷ್ಟು ದೊಡ್ಡದು ಅಂತ ನೀವು ಯಾಕೆ ಹೇಳಲಿಲ್ಲ?" ಎಂದು ಗಂಡನನ್ನು ಗದರಿದಳು. ಫೋನಿನಲ್ಲಿ ಕಾಣದ ಎಷ್ಟೋ ಸಂಗತಿಗಳು ಅಲ್ಲಿದ್ದವು. ಮೇಣದ, ಊದುಬತ್ತಿಯ, ಸುಟ್ಟ ಜೋಳದ ವಾಸನೆ. ಕಾಲಡಿಯ ತಣ್ಣನೆ ಹುಲ್ಲು. ಮೊಂಬತ್ತಿ ಆರಿದವರಿಗೆ ಪಕ್ಕದವರು ಕೇಳದೆಯೇ ಹಚ್ಚಿಕೊಡುವುದು. ಜನ ಹೆಚ್ಚಾದಲ್ಲಿ ಬುವಾಖಾಮ್ ಅವಳ ಬಲಗೈ ಹಿಡಿದುಕೊಂಡಳು, ಕಾಲು ಎಲ್ಲಿ ಎಡವೀತೋ ಎಂದು ನೆಲ ನೋಡುತ್ತ ನಡೆಸಿದಳು. ಇಬ್ಬರೂ ಅವಸರವಿಲ್ಲದೆ ಮೂರು ಸುತ್ತು ಬಂದರು. ಮಧ್ಯೆ ಮಧ್ಯೆ ಬುವಾಖಾಮ್ ತನ್ನ ಭಾಷೆಯಲ್ಲಿ ಏನೋ ತೋರಿಸಿ ಹೇಳುತ್ತಿದ್ದಳು, ಪೂವಕ್ಕ ಹೌದಾ ಹೌದಾ ಎಂದು ತುಳುವಿನಲ್ಲಿ "ಅಂದಾ? ಅಂದಾ?" ಎನ್ನುತ್ತಿದ್ದಳು. ಲತ್ಸಮಿ, ಅಕ್ಷಯ್ ಎಲ್ಲೋ ಹಿಂದುಳಿದಿದ್ದರು.

ವಾರ ಕಳೆದು ತಾರಾನಾಥ, ಪೂವಕ್ಕ, ಅಕ್ಷಯ್ ಮೂವರೇ ದೋಹಾಕ್ಕೆ ಮರಳಿದರು. ಅಕ್ಷಯನಿಗೆ ರಜೆ ಮುಗಿದಿತ್ತು. ಲತ್ಸಮಿಗೆ ಇನ್ನೂ ಎರಡು ವಾರವಿತ್ತು; ಅತ್ತೆ ಹೇಳಿ ಅಲ್ಲಿಯೇ ಉಳಿಸಿ ಬಂದಿದ್ದಳು. ಹೇಳುವಾಗ ಸುಲಭವಾಗಿತ್ತು. ಅಲ್ ಹಿಲಾಲ್‌ನ ಮನೆಯ ಬಾಗಿಲು ತೆರೆದಾಗ ಅಡುಗೆಮನೆ ಬಣಗುಟ್ಟುತ್ತಿತ್ತು. ಬಾಣಲೆಗಳೆಲ್ಲ ಪೂವಕ್ಕ ಬೇಕೆಂದ ಜಾಗದಲ್ಲೇ ಇದ್ದವು. ಅದನ್ನು ನೋಡಿ ಅವಳಿಗೆ ಏನೇನೂ ಸಮಾಧಾನವಾಗಲಿಲ್ಲ.

ಸದ್ದು ಕೇಳಿ ಆಸ್ಯಮ್ಮ ತನ್ನ ಬಾಗಿಲಿನಿಂದ ಇಣುಕಿದಳು. ಮೂವರನ್ನೂ ಎಣಿಸಿ ನೋಡಿ, "ಸೊಸೆ ಎಲ್ಲಿ ಪೂವಕ್ಕ?" ಎಂದಳು.

"ತವರಿಗೆ ಹೋಗಿದ್ದಾಳೆ" ಎಂದಳು ಪೂವಕ್ಕ. "ಅಮ್ಮನ ಜೊತೆ ನಾಲ್ಕು ದಿನ ಇದ್ದು ಬರಲಿ. ನೀವು ಒಳಗೆ ಬನ್ನಿ, ಚಾ ಇಡ್ತೇನೆ."